ಎಂಜಲಿನ ಮಡಿ

ಬೆಂಗಳೂರಿನ ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಲೋಟ ಕಚ್ಚಿ ಕುಡಿದರೆ ಅತ್ತೆ ಗದರುತ್ತಿದ್ದರು, ಎಂಜಲು ಮೈಲಿಗೆ. ಹೊಗೆಸೊಪ್ಪು ಜಗಿಯುತ್ತಿದ್ದ ಭಾವನವರಿಗೆ ಬಾಯಿ ಕ್ಯಾನ್ಸರ್ ಎಂದಾಗ, "ಪೂರ್ವಜನ್ಮದ ಕರ್ಮ" ಎಂದರು ಅತ್ತೆ. ನಾನು ಒಪ್ಪಲಿಲ್ಲ. ಹೊಗೆಸೊಪ್ಪು ಈ ಜನ್ಮದ್ದೇ. ಕರ್ಮದ ಮಾತು ಭಾವನವರಿಗೆ ಸಮಾಧಾನ ಕೊಡಲಿಲ್ಲ, ನಾಚಿಕೆ ಕೊಟ್ಟಿತು.

ಎಂಜಲಿಗೂ ಕ್ಯಾನ್ಸರಿಗೂ ಇನ್ನೊಂದು ನಂಟಿದೆ. ಜೀವಕೋಶಗಳು ಹೊರಬಿಡುವ ಎಕ್ಸೋಸೋಮ್ ಎಂಬ ಚೀಲಗಳ ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. 1980ರ ದಶಕದಲ್ಲಿ ಕುರಿಯ ಎಳೆಯ ರಕ್ತಕಣಗಳಲ್ಲಿ ಕಂಡಾಗ ವಿಜ್ಞಾನಿಗಳೂ ಅವನ್ನು ಕೋಶದ ಕಸವೆಂದೇ ಬಗೆದಿದ್ದರು (ಅವರಿಗೂ ಒಂದು ಮಡಿ ಇತ್ತೆನ್ನಿ). ಕ್ಯಾನ್ಸರ್ ಗಡ್ಡೆಯ ಕೋಶಗಳು ಅವುಗಳಲ್ಲಿ ಪ್ರೋಟೀನ್, ಆರ್‌ಎನ್‌ಎ ತುಂಬಿ ಕಳಿಸಿ ಸುತ್ತಲಿನ ಕೋಶಗಳನ್ನು ಒಲಿಸಿಕೊಳ್ಳುತ್ತವೆ. ಆ ಚೀಲಗಳು ಎಂಜಲಿನಲ್ಲೂ ಸಿಗುತ್ತವೆ. ಅವುಗಳಿಂದ ರೋಗ ಗುರುತಿಸುವ, ಅವುಗಳಲ್ಲೇ ಔಷಧ ಸಾಗಿಸುವ ಸಂಶೋಧನೆ ನಡೆದಿದೆ. ಸದ್ಯಕ್ಕೆ ಬಯಾಪ್ಸಿಯೇ ನಿರ್ಣಾಯಕ.

ಬೇಡರ ಕಣ್ಣಪ್ಪ ಬಾಯಲ್ಲಿ ತುಂಬಿ ತಂದ ಎಂಜಲ ನೀರನ್ನು ಶಿವ ಅಭಿಷೇಕವೆಂದೇ ಸ್ವೀಕರಿಸಿದ. ಆ ಕತೆಗೆ ಕೈಮುಗಿಯುವ ನಾವು ಲೋಟಕ್ಕೆ ಮಡಿ ಉಳಿಸಿಕೊಂಡೆವು. ಹೊಲಸೆಂದು ಕಣ್ಣು ತಿರುಗಿಸುವುದೇ ನನಗೆ ದೊಡ್ಡ ಮೈಲಿಗೆಯಾಗಿ ಕಾಣುತ್ತದೆ.

ಬಾಯಿಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಜಾತಕ ತೆಗೆಯಬೇಡಿ. ಹತ್ತಿರದ ದಂತವೈದ್ಯರಿಗೋ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ ತೋರಿಸಿ.