ಆರ್ಕ್‌ಗಳಿಗೆ ಕ್ಷಮೆಯಿಲ್ಲವೇ?

ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿದವರೆಲ್ಲ ಆ ಉಂಗುರದ ಬಗ್ಗೆ, ಅಧಿಕಾರದ ಆಸೆ ಎಂಥವರನ್ನೂ ಕೆಡಿಸುವುದರ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಕಾಡುವುದು ಅದಲ್ಲ. ಆ ಯುದ್ಧದಲ್ಲಿ ಸಾಲುಸಾಲಾಗಿ ಸಾಯುವ ಆರ್ಕ್‌ಗಳು, ಕೆಡುಕಿನ ಒಡೆಯ ಸೌರಾನ್‌ನ ಕಾಲಾಳುಗಳು. ಅವರಿಗೆ ಆತ್ಮವಿದೆಯೇ? ಇದ್ದರೆ ಅವರಿಗೇಕೆ ಬಿಡುಗಡೆಯ ದಾರಿಯಿಲ್ಲ?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವಳು ಮಗಳು. 1937ರ ‘ದಿ ಹಾಬಿಟ್’ನಲ್ಲಿ, ಉಂಗುರದ ಮೋಹಕ್ಕೆ ಬಿದ್ದ ಗೊಲ್ಲಮ್ ಒಂದು ಗಾಬ್ಲಿನ್ ಮರಿಯನ್ನು ಹಿಡಿದದ್ದು, ಅದು ಕಿರುಚಿದ್ದು ಹಾಗೇ ಬಂದುಹೋಗುತ್ತದೆ. ಟೋಲ್ಕಿನ್‌ ಲೋಕದಲ್ಲಿ ಗಾಬ್ಲಿನ್, ಆರ್ಕ್ ಬೇರೆಯಲ್ಲ. “ಅಂದ್ರೆ ಅವರಿಗೂ ಮಕ್ಕಳಿದ್ದಾವಾ?” ಅಂದಳು. ನಾನು ಪುಟ ತಿರುವಿ ಮುಂದೆ ಹೋಗಿದ್ದ ಜಾಗ ಅದು.

ಟೋಲ್ಕಿನ್ ಶ್ರದ್ಧಾವಂತ ಕ್ಯಾಥೊಲಿಕ್. ಕೆಡುಕಿಗೆ ಸೃಷ್ಟಿಸುವ ಶಕ್ತಿಯಿಲ್ಲ, ಒಳ್ಳೆಯದನ್ನು ವಿಕಾರಗೊಳಿಸಬಲ್ಲದಷ್ಟೆ ಎಂಬುದು ಸಂತ ಅಗಸ್ಟೀನ್‌ನ ಕಾಲದಿಂದ ಆ ಧರ್ಮದಲ್ಲಿ ಬೇರೂರಿದ ನಂಬಿಕೆ. ಹಾಗಾದರೆ ಆರ್ಕ್‌ಗಳೂ ಮೊದಲು ಒಳ್ಳೆಯದೇನೋ ಆಗಿದ್ದಿರಬೇಕು. ‘ದಿ ಸಿಲ್ಮರಿಲಿಯನ್’ನಲ್ಲಿ ಅವರು ಸೆರೆಸಿಕ್ಕಿ ಚಿತ್ರಹಿಂಸೆಯಿಂದ ವಿಕಾರಗೊಂಡ ಎಲ್ಫ್‌ಗಳು. ಹಿಂಸೆ ತಿಂದವನ ಸಂತತಿಗೆ ತಲೆಮಾರುಗಳವರೆಗೂ ಕತ್ತಿಯೇ ಗತಿ ಎಂದರೆ ಅದು ಯಾವ ದೇವರ ನ್ಯಾಯ? ಪ್ರಹ್ಲಾದ, ವಿಭೀಷಣ, ಬಲಿಯ ಕಥೆ ಕೇಳಿ ಬೆಳೆದ ನನಗೆ ಇದು ಒಪ್ಪಿಗೆಯಾಗದು. ನಮ್ಮಲ್ಲಿ ಅಸುರನಾಗಿ ಹುಟ್ಟಿದವನಿಗೂ ಬಾಗಿಲು ಮುಚ್ಚಿಲ್ಲ.

ಆದರೆ ಉತ್ತರದ ಸುಳಿವು ಕಾದಂಬರಿಯಲ್ಲೇ ಇದೆ. ಶೆಲಾಬ್ ಎಂಬ ದೈತ್ಯ ಜೇಡ ಕುಟುಕಿ, ಉಂಗುರ ಹೊತ್ತ ಫ್ರೋಡೋ ಬಿದ್ದಿರುತ್ತಾನೆ. ಶಗ್ರಾಟ್, ಗೋರ್ಬಾಗ್ ಎಂಬ ಇಬ್ಬರು ಆರ್ಕ್ ನಾಯಕರು ಅವನನ್ನು ಹೊರಿಸಿಕೊಂಡು ಹೋಗುತ್ತಾ ಮಾತಾಡಿಕೊಳ್ಳುತ್ತಾರೆ. ಮೇಲಿನವರ ಕಾಟ ಸಾಕಾಗಿದೆ. ಯುದ್ಧ ಮುಗಿದರೆ ನಂಬಿಕಸ್ಥರಾದ ನಾಲ್ಕು ಹುಡುಗರೊಂದಿಗೆ ಎಲ್ಲಾದರೂ ದೂರ ಹೋಗಿ, ದೊಡ್ಡ ಧಣಿಗಳಿಲ್ಲದೆ ಇರಬೇಕು. ಲೂಟಿಯ ಬದುಕೇ ಅವರ ಕನಸು, ನಿಜ. ಆದರೂ 1916ರಲ್ಲಿ, ಮೊದಲ ಮಹಾಯುದ್ಧದ ಸೊಮ್ಮ್ ಕಂದಕಗಳಲ್ಲಿದ್ದ ಟೋಲ್ಕಿನ್, ಮೇಲಧಿಕಾರಿಗಳ ಬಗ್ಗೆ ಸಿಪಾಯಿಗಳು ಹೀಗೆ ಗೊಣಗುವುದನ್ನು ಕೇಳಿಯೇ ಬರೆದಿರಬೇಕು ಅನಿಸುತ್ತದೆ.

ಅದಕ್ಕಿಂತ ದೊಡ್ಡದು ಮುಂದಿನ ಮಾತು. ಸಂಗಡಿಗ ಫ್ರೋಡೋನನ್ನು ಯಾವನೋ ಯೋಧ ಹೀಗೆ ಬಿಟ್ಟುಹೋದದ್ದು ಎಲ್ಫ್‌ಗಳ ಮಾಮೂಲಿ ಚಾಳಿ ಎಂದು ಗೋರ್ಬಾಗ್ ಹಳಿಯುತ್ತಾನೆ. ಸ್ವಲ್ಪ ಹೊತ್ತಿಗೆ ಶಗ್ರಾಟ್, ತಮ್ಮವನೇ ಆದ ಉಫ್‌ತಾಕ್ ಜೇಡನ ಬಲೆಯಲ್ಲಿ ಜೀವಂತ ನೇತಾಡುತ್ತಿದ್ದುದನ್ನು ಕಂಡು ನಕ್ಕು ಬಂದ ಕಥೆ ಹೇಳುತ್ತಾನೆ. ಕಪಟಿಗಳು. ಆದರೆ ಧರ್ಮ ಯಾವುದೆಂದು ಗೊತ್ತಿಲ್ಲದವನು ಕಪಟಿಯಾಗಲಾರ. ಜೊತೆಗಾರನನ್ನು ಕೈಬಿಡುವುದು ತಪ್ಪು ಎಂದು ಅವರಿಗೆ ತಿಳಿದಿದೆ. ಅಷ್ಟು ತಿಳಿದವನನ್ನು ಮೃಗವೆನ್ನಲಾಗದು. ಅವನಿಗೆ ಶಿಕ್ಷೆ ಕೊಡಬಹುದಾದರೆ ಕ್ಷಮೆಯನ್ನೂ ಕೊಡಬಹುದು.

ಯುದ್ಧ ಗೆದ್ದು ರಾಜನಾದ ಅರಗಾರ್ನ್ ತನ್ನ ವಿರುದ್ಧ ಹೋರಾಡಿದ ಮನುಷ್ಯರನ್ನು ಕ್ಷಮಿಸುತ್ತಾನೆ, ಸೌರಾನ್‌ನ ನಾಡಾದ ಮೊರ್ಡೋರ್‌ನ ಗುಲಾಮರಿಗೆ ಭೂಮಿ ಕೊಡುತ್ತಾನೆ. ಆರ್ಕ್‌ಗಳ ಸುದ್ದಿಯೇ ಇಲ್ಲ. ಗೊಲ್ಲಮ್‌ಗೆ ತೋರಿದ ಕರುಣೆಯಿಂದಲೇ ಲೋಕ ಉಳಿದ ಕಥೆಯಲ್ಲಿ ಇದು ದೊಡ್ಡ ಕೊರತೆ.

ಟೋಲ್ಕಿನ್‌ಗೂ ಅದು ತಿಳಿದಿತ್ತು. ಆರ್ಕ್‌ಗಳ ಹುಟ್ಟನ್ನು ಕೊನೆಗಾಲದವರೆಗೆ ತಿದ್ದುತ್ತಲೇ ಇದ್ದರು. 1973ರಲ್ಲಿ ಅವರು ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲೆ ‘ಮಾರ್ಗಾತ್ಸ್ ರಿಂಗ್’ ಪುಸ್ತಕದಲ್ಲಿ ಅವರ ಟಿಪ್ಪಣಿಯೊಂದು ಅಚ್ಚಾಯಿತು: ಸೆರೆಸಿಕ್ಕ ಆರ್ಕ್‌ನನ್ನು ಹಿಂಸಿಸಬಾರದು, ಶರಣಾಗಿ ಕರುಣೆ ಬೇಡಿದರೆ, ನಷ್ಟವಾದರೂ ಸರಿ, ಕೊಡಲೇಬೇಕು, ಇದು ಜ್ಞಾನಿಗಳ ಬೋಧನೆ, ಯುದ್ಧದ ಭೀಕರತೆಯಲ್ಲಿ ಅದು ಪ್ರತಿಸಲ ಪಾಲನೆಯಾಗಲಿಲ್ಲ, ಎಂಬುದು ಅದರ ಸಾರ. ಕಾದಂಬರಿಯ ಒಳಗೇ ಇರಬೇಕಿದ್ದ ಮಾತು ಇದು. ಮತ್ತೆ ಓದುವವರು ಎರಡನೇ ಸಂಪುಟದ ಕೊನೆಯ ಅಧ್ಯಾಯದಲ್ಲಿ ಆ ಇಬ್ಬರು ಆರ್ಕ್ ನಾಯಕರ ಸಂಭಾಷಣೆಯನ್ನು ದಯವಿಟ್ಟು ನಿಧಾನವಾಗಿ ಓದಿ.