ಹಳೆಯ ಮನೆಗೆ ಹೊಸ ಕೋಣೆ

ಕರಾವಳಿಯ ಹಳೆಯ ಮನೆಯೊಂದಕ್ಕೆ ಹೊಸ ಕೋಣೆಯನ್ನು ಸೇರಿಸಬೇಕಾಗಿ ಬಂದಿದೆಯೆಂದು ಭಾವಿಸೋಣ. ಸಂಸಾರ ಬೆಳೆದಿದೆ, ವೃದ್ಧರಾದ ತಾಯಿತಂದೆಗಳಿಗೆ ಮೆಟ್ಟಿಲು ಹತ್ತಬೇಕಿಲ್ಲದ ಒಂದು ನೆಲೆ ಬೇಕಾಗಿದೆ. ಅಗತ್ಯವೇನೋ ನಿಜವಾದುದೇ. ಆದರೆ ಹಿರಿಯರು ಕಟ್ಟಿದುದಕ್ಕೆ ಕೈಯಿಕ್ಕುವಾಗ ಅವರ ಸಂಪ್ರದಾಯಕ್ಕೆ ನಾವು ಸಲ್ಲಿಸಬೇಕಾದ ಗೌರವ ಯಾವುದು? ಇದು ಕೇವಲ ಮೇಸ್ತ್ರಿಯ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದು.

ಹಳೆಯದರಂತೆ ಕಾಣಿಸುವುದೇ ಗೌರವವೆಂದು ಹಲವರ ಎಣಿಕೆ. ಆದುದರಿಂದಲೇ ಕಾಂಕ್ರೀಟು ಚಾವಣಿಯ ಮೇಲೆ ಅಲಂಕಾರಕ್ಕಾಗಿ ಹೆಂಚನ್ನು ಅಂಟಿಸುವ ರೂಢಿ ಬೆಳೆದಿದೆ. ಆದರೆ ಪರಂಪರೆಯ ಕುರುಹೆಂದು ನಾವು ಭಾವಿಸುವ ಮಂಗಳೂರು ಹೆಂಚೇ ಒಂದು ಕಾಲಕ್ಕೆ ಹೊಸತಾಗಿತ್ತು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಅದಕ್ಕೆ ಮೊದಲು ಸಾಮಾನ್ಯರ ಮನೆಗಳನ್ನು ಕಾಯುತ್ತಿದ್ದುದು ಹುಲ್ಲು ಮತ್ತು ಮಡಲು. ಮಳೆಗೂ ಬೆಂಕಿಗೂ ಹುಲ್ಲಿಗಿಂತ ಚೆನ್ನಾಗಿ ತಡೆಯೊಡ್ಡುವ ವಸ್ತು ದೊರೆತಾಗ ಜನ ಅದನ್ನು ತಮ್ಮದಾಗಿಸಿಕೊಂಡರು. ಸಂಪ್ರದಾಯವು ರೂಪದಲ್ಲಿಲ್ಲ, ರೂಪದ ಹಿಂದಿರುವ ವಿವೇಕದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ವಿವೇಕವನ್ನು ಅರಿಯುವುದೇ ಮೊದಲ ಕರ್ತವ್ಯ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಾಡಿದು. ಇಳಿಜಾರು ಮಾಡು ನೀರನ್ನು ನಿಲ್ಲಗೊಡದು. ಮುಂದಕ್ಕೆ ಚಾಚಿದ ಸೂರು ಮುರಕಲ್ಲಿನ ಗೋಡೆಯನ್ನು ನೆನೆಯಗೊಡದು. ಹೆಂಚುಗಳ ಸಂದಿನಿಂದ ಬಿಸಿಗಾಳಿ ಹೊರಹೋಗುವುದು. ಕಡಲಿನ ಉಪ್ಪುಗಾಳಿಯಾದರೋ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ; ಉಬ್ಬಿದ ತುಕ್ಕು ಕಾಂಕ್ರೀಟನ್ನೇ ಸೀಳುತ್ತದೆ. ಹೊಸ ಕೋಣೆಯ ಮಾಡಿನ ನೀರು ಹಳೆಯ ಗೋಡೆಯ ಮೇಲೆ ಬೀಳದಂತೆ, ನೆರೆಯವರ ಅಂಗಳಕ್ಕೆ ನುಗ್ಗದಂತೆ ನೋಡಿಕೊಳ್ಳುವುದು ಯಾವ ಕೆತ್ತನೆಯ ಕಂಬಕ್ಕಿಂತಲೂ ದೊಡ್ಡ ಗೌರವ.

ಇಷ್ಟಕ್ಕೇ ವಿಚಾರ ಮುಗಿಯದು. ಆ ಹಳೆಯ ಮನೆಗಳ ವಿನ್ಯಾಸದಲ್ಲಿ ಮಳೆಯ ಅರಿವಿದ್ದಂತೆ ಮನುಷ್ಯರ ನಡುವಣ ತಾರತಮ್ಯವೂ ಇತ್ತು. ಅಂಗಳದಲ್ಲೇ ನಿಲ್ಲಬೇಕಾದವರು, ಜಗಲಿಯವರೆಗೆ ಬರಬಹುದಾದವರು, ಚಾವಡಿಯಲ್ಲಿ ಕುಳಿತುಕೊಳ್ಳುವವರು ಎಂದು ಹೊಸ್ತಿಲುಗಳೇ ಜನರನ್ನು ವಿಂಗಡಿಸಿದ್ದವು. ಹೆಂಗಸರ ಪಾಲಿಗೆ ಬಂದುದು ಬಹುಮಟ್ಟಿಗೆ ಹೊಗೆ ತುಂಬಿದ ಅಡುಗೆಮನೆ. ಇವನ್ನೂ ಪರಂಪರೆಯೆಂದು ಉಳಿಸಿಕೊಳ್ಳಬೇಕೆ? ಮಳೆಗಾಲ ಇಂದಿಗೂ ಬರುತ್ತದೆ. ಆದುದರಿಂದ ಸೂರು ಉಳಿಯಲಿ. ಒಬ್ಬನನ್ನು ಹೊರಗೆ ನಿಲ್ಲಿಸುವುದಕ್ಕೆ ಅಂದೂ ನ್ಯಾಯವಾದ ಕಾರಣವಿರಲಿಲ್ಲ. ಆದುದರಿಂದ ಆ ಗೆರೆ ಅಳಿಯಲಿ.

ಆದಕಾರಣ, ಓದುಗ ಬಂಧುಗಳೇ, ಕಟ್ಟುವ ಮುನ್ನ ಹಳೆಯ ಮನೆಯ ಒಂದೊಂದು ಅಂಗವನ್ನೂ ನೋಡಿ, ಇದು ಯಾರನ್ನು ಕಾಯುತ್ತಿದೆ, ಯಾರನ್ನು ದೂರವಿಡುತ್ತಿದೆ ಎಂದು ಕೇಳಿಕೊಳ್ಳಿರಿ. ಕಾಯುವುದನ್ನು ಮುಂದುವರಿಸಿರಿ, ದೂರವಿಡುವುದನ್ನು ಕೈಬಿಡಿರಿ. ಹೊಸ ಕೋಣೆಗೆ ಬೆಳಕಿರಲಿ, ಅದರ ಬಾಗಿಲು ಎಲ್ಲರಿಗೂ ತೆರೆದಿರಲಿ. ಹಿರಿಯರ ಹೆಸರನ್ನು ಉಳಿಸುವ ಮಾರ್ಗ ಇದೇ.