ಅವ್ವನ ಹೆಸರು, ನನ್ನ ಹಾಡು

ಹೋದ ತಿಂಗಳು ರಜೆಗೆಂದು ಊರಿಗೆ ಬಂದ ಮಗಳು ನನ್ನ ಮುಂದೆ ಒಂದು ಹಾಳೆ ಇಟ್ಟಳು. ‘ಅಪ್ಪಾ, ನಿನಗ ಭಾಳ ಸೇರೋ ಹತ್ತು ಹಾಡು ಬರದು ಕೊಡು. ಮೊಬೈಲಿನ್ಯಾಗ ಒಂದು ಕಡೆ ಕೂಡಿಸಿ ಕೊಡತೀನಿ, ವಾಕಿಂಗ್ ಹೋದಾಗ ಕೇಳು’ ಎಂದಳು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡು ಕೇಳಿದವನಿಗೆ ಹತ್ತನ್ನು ಆರಿಸುವುದು ಕಷ್ಟವಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಮಲ್ಲಿಕಾರ್ಜುನ ಮನಸೂರರ ದನಿಯಲ್ಲಿ ಒಂದು ವಚನ, ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ‘ಕಾಡು ಕುದುರೆ’ ಚಿತ್ರದ ಹಾಡು, ಪಿ.ಬಿ. ಶ್ರೀನಿವಾಸರ ಎರಡು, ಸಿ. ಅಶ್ವಥ್ ಹಾಡಿದ ಶರೀಫರ ಒಂದು ಪದ, ಉಳಿದವು ಲತಾ ಮತ್ತು ರಫಿಯವರವು. ಹತ್ತು ನಿಮಿಷದಲ್ಲಿ ಪಟ್ಟಿ ಮುಗಿಯಿತು. ಮಗಳು ಅದನ್ನು ಓದಿ ಸುಮ್ಮನೆ ಕೇಳಿದಳು: ‘ಅಜ್ಜಿಗೆ ಯಾವ ಹಾಡು ಸೇರತಿತ್ತು?’

ನನಗೆ ಗೊತ್ತಿರಲಿಲ್ಲ.

ಅಪ್ಪನ ಮೆಚ್ಚಿನ ರಾಗಗಳನ್ನು ಇವತ್ತಿಗೂ ಸಾಲಾಗಿ ಹೇಳಬಲ್ಲೆ. ಅಣ್ಣ ಯಾವ ವರ್ಷ ಯಾವ ಹಿಂದಿ ಹಾಡಿನ ಹುಚ್ಚು ಹಿಡಿಸಿಕೊಂಡಿದ್ದ ಎಂಬುದೂ ನೆನಪಿದೆ. ಆದರೆ ಇಪ್ಪತ್ತೆಂಟು ವರ್ಷ ಒಂದೇ ಸೂರಿನಡಿ ಬದುಕಿದ ಅವ್ವನಿಗೆ ಯಾವ ಹಾಡು ಇಷ್ಟವಾಗಿತ್ತು ಎಂಬುದು ಗೊತ್ತಿಲ್ಲ. ಅವಳು ತೀರಿಕೊಂಡು ಬಹಳ ವರ್ಷವಾಯಿತು, ಇನ್ನು ಕೇಳುವಂತೆಯೂ ಇಲ್ಲ. ಇದು ಬರೀ ಮರೆವಲ್ಲ ಎಂದು ಆವತ್ತು ರಾತ್ರಿ ಅನ್ನಿಸಿತು. ನೆನಪಿಟ್ಟುಕೊಂಡದ್ದನ್ನು ತಾನೇ ಮರೆಯಲು ಸಾಧ್ಯ? ನಾನು ಅದನ್ನು ಯಾವತ್ತೂ ತಿಳಿದುಕೊಂಡೇ ಇರಲಿಲ್ಲ.

ನಮ್ಮದು ಧಾರವಾಡದ ಹತ್ತಿರದ ಒಂದು ಊರು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಅಪ್ಪ ವಾಲ್ವ್ ರೇಡಿಯೋ ತಂದರಂತೆ. ನಾನು ಕಣ್ಣು ಬಿಟ್ಟಾಗಲೇ ಅದು ಪಡಸಾಲೆಯ ಗೂಡಿನಲ್ಲಿ, ಕಸೂತಿಯ ಬಟ್ಟೆ ಹೊದ್ದು, ದೇವರಿಗಿಂತ ಒಂದು ಗೇಣು ಕೆಳಗೆ ಕೂತಿತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಅದರ ಲೈಸೆನ್ಸಿನ ಹಣ ಕಟ್ಟಬೇಕಿತ್ತು. ಹಚ್ಚಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ, ಬಿಸಿಯಾಗುವ ತನಕ ಕಾಯಬೇಕು. ನಮ್ಮ ಕಡೆ ಸ್ಟೇಷನ್ ಹಿಡಿಯುವುದಕ್ಕೆ ‘ಕಿವಿ ಹಿಂಡುವುದು’ ಅನ್ನುತ್ತಿದ್ದರು. ಆ ಕಿವಿ ಹಿಂಡುವ ಅಧಿಕಾರ ಅಪ್ಪನದು. ಬೆಳಿಗ್ಗೆ ವಾರ್ತೆ, ರಾತ್ರಿ ಶಾಸ್ತ್ರೀಯ ಸಂಗೀತ. ಮನಸೂರರು ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾಗಿದ್ದವರು ಎಂಬುದೇ ಅಪ್ಪನಿಗೆ ಒಂದು ಹೆಮ್ಮೆ. ಬುಧವಾರ ರಾತ್ರಿ ಮಾತ್ರ ಅಣ್ಣ ಕಾಡಿ ಬೇಡಿ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ಹಿಡಿಯುತ್ತಿದ್ದ. ಶಾರ್ಟ್‌ವೇವಿನಲ್ಲಿ ಸಮುದ್ರದ ತೆರೆಯ ಹಾಗೆ ಏರಿ ಇಳಿಯುವ ಹಾಡುಗಳ ನಡುವೆ ಅಮೀನ್ ಸಯಾನಿಯವರ ದನಿ. ಟ್ರಾನ್ಸಿಸ್ಟರ್ ಬಂದ ಮೇಲೆ ನನಗೂ ಒಂದು ಪಾಲು ಸಿಕ್ಕಿತು. ಕನ್ನಡ ಚಿತ್ರಗೀತೆ ನನ್ನ ಪಾಲು.

ಅವ್ವನ ಪಾಲು ಯಾವುದು? ಅಡಿಗೆಮನೆಗೂ ಪಡಸಾಲೆಗೂ ನಡುವೆ ಒಂದು ಗೋಡೆ. ಆ ಗೋಡೆ ದಾಟಿ ಬಂದದ್ದೆಲ್ಲ ಅವಳ ಪಾಲು.

ನಾನು ಹನ್ನೆರಡು ವರ್ಷದವನಿದ್ದಾಗ, 1974ರಲ್ಲಿ, ‘ಸಂಪತ್ತಿಗೆ ಸವಾಲ್’ ಬಂತು. ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು, ತಾವೇ ಹಾಡಿದ ಹಾಡು ಎಲ್ಲರ ಬಾಯಲ್ಲಿತ್ತು. ಅದು ರೇಡಿಯೋದಲ್ಲಿ ಬರಲೆಂದು ನಾನು ಕೋರಿಕೆಯ ಕಾರ್ಯಕ್ರಮಕ್ಕೆ ಕಾರ್ಡು ಹಾಕಿದೆ. ಹೆಸರು ಹೆಚ್ಚಿದ್ದಷ್ಟು ಕಾರ್ಡಿಗೆ ತೂಕ ಎಂಬುದು ನಮ್ಮ ನಂಬಿಕೆ. ಮನೆಯವರ ಹೆಸರನ್ನೆಲ್ಲ ಸಾಲಾಗಿ ಬರೆದೆ. ಬಯ್ದಾರು ಎಂದು ಅಪ್ಪನ ಹೆಸರು ಬಿಟ್ಟು, ಮೊದಲು ಅವ್ವನ ಹೆಸರು ಹಾಕಿದೆ. ಕೆಲವು ವಾರದ ಮೇಲೆ ಒಂದು ಮಧ್ಯಾಹ್ನ ಆ ಹೆಸರುಗಳನ್ನು ಓದಿದರು. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ‘ಯಪ್ಪಾ, ನನ್ನ ಹೆಸರು ರೇಡಿಯೋದಾಗ ಬಂತಲ್ಲೋ!’ ಎಂದು ನಕ್ಕಳು. ಹಾಡು ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದಳು.

ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ರೇಡಿಯೋ ಕಾಲ ಎಷ್ಟು ಚೆಂದ ಇತ್ತು ಎಂಬುದಕ್ಕೆ ಅದೇ ನನ್ನ ಸಾಕ್ಷಿ. ಮಗಳ ಪ್ರಶ್ನೆಯ ನಂತರ ಅದೇ ಕತೆ ತಿರುಗಿ ನಿಂತು ನನ್ನನ್ನೇ ನೋಡುತ್ತಿದೆ. ಹೆಸರು ಅವ್ವನದು, ಹಾಡು ನನ್ನದು. ದಿನಾ ಬೆಳಿಗ್ಗೆ ಸಂಜೆ ಎಮ್ಮೆ ಹಿಂಡುತ್ತಿದ್ದವಳ ಹೆಸರಿನಲ್ಲಿ ಎಮ್ಮೆ ಸವಾರಿಯ ಹಾಡು ಕೇಳಿದ್ದೆ! ಬರೆಯುವ ಮೊದಲು ‘ಅವ್ವಾ, ನಿನಗ ಯಾವುದು ಬೇಕು?’ ಎಂದು ಒಂದು ಮಾತು ಕೇಳಬಹುದಿತ್ತು. ಅಡಿಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು.

ಇಷ್ಟು ಸಣ್ಣ ವಿಷಯಕ್ಕೆ ನೀತಿಯ ಪ್ರಶ್ನೆ ಎಳೆದು ತರಬೇಕೇ ಎಂದು ನೀವು ಕೇಳಬಹುದು. ರುಚಿ ಅವರವರದು, ಅದರಲ್ಲಿ ತಪ್ಪು ಒಪ್ಪು ಎಲ್ಲಿಂದ ಬಂತು? ನಾನೂ ಹಾಗೇ ನಂಬಿದ್ದೆ. ಆದರೆ ಹಾಡಿನ ವಿಷಯದಲ್ಲಿ ನಾವು ನಿಜಕ್ಕೂ ಹಾಗೆ ನಡೆದುಕೊಳ್ಳುವುದಿಲ್ಲ. ಕಾಂಟ್ 1790ರಲ್ಲಿ ಪ್ರಕಟಿಸಿದ ‘ಕ್ರಿಟಿಕ್ ಆಫ್ ಜಡ್ಜ್‌ಮೆಂಟ್’ನಲ್ಲಿ ಇದನ್ನು ಗುರುತಿಸಿದ್ದ. ಒಂದು ತಿನಿಸು ನನಗೆ ಹಿಡಿಸಿತು ಎಂದರೆ ಮಾತು ನನ್ನಲ್ಲಿಗೇ ಮುಗಿಯುತ್ತದೆ. ಆದರೆ ಏನನ್ನಾದರೂ ‘ಸುಂದರ’ ಎಂದು ಕರೆದೆನೋ, ಎಲ್ಲರೂ ಅದನ್ನು ಒಪ್ಪಬೇಕು ಎಂಬ ಹಕ್ಕೊತ್ತಾಯವೂ ಆ ಮಾತಿನೊಳಗೆ ಸೇರಿಕೊಂಡಿರುತ್ತದೆ. ಅಪ್ಪ ನನ್ನ ಚಿತ್ರಗೀತೆಯನ್ನು ‘ಏನದು ಒದರೋದು’ ಎಂದು ಬಂದ್ ಮಾಡುತ್ತಿದ್ದಾಗ ತಮ್ಮ ಇಷ್ಟವನ್ನು ನನ್ನ ಮೇಲೆ ಹೇರುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಒಳ್ಳೆಯದನ್ನು ಕಾಯುತ್ತಿದ್ದೇನೆ ಎಂದೇ ಅನ್ನಿಸಿರಬೇಕು.

ದೇಶದ ರೇಡಿಯೋದಲ್ಲೂ ಇದೇ ನಡೆದಿತ್ತು. 1940ರಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲವೆಂದು ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಸಂಗೀತ ಬಲ್ಲ ಬಿ.ವಿ. ಕೇಸ್ಕರ್ 1952ರಲ್ಲಿ ಪ್ರಸಾರ ಖಾತೆಯ ಸಚಿವರಾದ ಮೇಲೆ ಕೆಲವು ವರ್ಷ ಆಕಾಶವಾಣಿಯಿಂದ ಚಿತ್ರಗೀತೆಗಳು ಹೆಚ್ಚುಕಡಿಮೆ ಮಾಯವಾದವು. ಜನ ಶಾಸ್ತ್ರೀಯ ಸಂಗೀತದ ಕಡೆ ತಿರುಗಬಹುದು ಎಂಬುದು ಅವರ ಆಸೆ. ಜನ ತಿರುಗಿದ್ದು ಸಿಲೋನಿನ ಕಡೆ. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. ಕೇಸ್ಕರರನ್ನು ಗೇಲಿ ಮಾಡುವುದು ಸುಲಭ, ನಾನೂ ಮಾಡಿದ್ದೇನೆ. ಆದರೆ ಅವರು ದಿಲ್ಲಿಯಲ್ಲಿ ಮಾಡಿದ್ದನ್ನು ಅಪ್ಪ ಪಡಸಾಲೆಯಲ್ಲಿ ಮಾಡಿದರು. ಅಪ್ಪ ಮಾಡಿದ್ದನ್ನು ನಾನು ಒಂದು ಪೋಸ್ಟ್‌ಕಾರ್ಡಿನಲ್ಲಿ ಮಾಡಿದೆ. ವ್ಯತ್ಯಾಸ ಅಳತೆಯದು ಮಾತ್ರ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಲಾರೆ. ಅಪ್ಪ ಹೇರದಿದ್ದರೆ ನನಗೆ ಮನಸೂರರು ಸಿಗುತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗ ತಾನಾಗಿ ಖಯಾಲನ್ನು ಆರಿಸಿಕೊಂಡಾನೆ? ಬೇಡ ಬೇಡ ಅನ್ನುತ್ತಲೇ ರಾತ್ರಿ ಹಾಸಿಗೆಯಲ್ಲಿ ಕೇಳಿಸಿಕೊಂಡದ್ದು, ಮೂವತ್ತು ದಾಟಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಒಳಗೆ ತೆರೆದುಕೊಂಡಿತು. ನನ್ನ ಪಟ್ಟಿಯ ಹತ್ತು ಹಾಡುಗಳಲ್ಲಿ ನಾನೇ ಹುಡುಕಿಕೊಂಡು ಹೋದದ್ದು ಎರಡೋ ಮೂರೋ ಇರಬಹುದು. ಉಳಿದವು ಅಪ್ಪನ, ಅಣ್ಣನ, ಯಾರೋ ಗೊತ್ತಿಲ್ಲದ ಊರಿನ ಕೋರಿಕೆಯವರ ಕೊಡುಗೆ. ನನ್ನ ರುಚಿ ಎಂದು ನಾನು ಹೇಳಿಕೊಳ್ಳುವುದರಲ್ಲಿ ಬಹುಪಾಲು ಬೇರೆಯವರು ಕಿವಿ ಹಿಂಡಿದ್ದರಿಂದ ಬಂದದ್ದು.

ಹಾಗಾದರೆ ಹೇರಿಕೆ ಸರಿಯೆ? ಇಲ್ಲ ಅನ್ನಿಸುತ್ತದೆ. ಅಪ್ಪ ನನಗೆ ಮನಸೂರರನ್ನು ಕೊಟ್ಟರು, ಆದರೆ ನನ್ನಿಂದ ಪಿ.ಬಿ. ಶ್ರೀನಿವಾಸರನ್ನು ಪಡೆಯಲಿಲ್ಲ. ಕೊಡುವ ಕೈಗೆ ಪಡೆಯಲೂ ಬರಬೇಕು. ಪಡೆಯಲು ಬರದ ಕೈ ಎಷ್ಟೇ ಒಳ್ಳೆಯದನ್ನು ಕೊಟ್ಟರೂ ಅದರಲ್ಲಿ ಸ್ವಲ್ಪ ಯಜಮಾನಿಕೆ ಉಳಿದೇ ಉಳಿಯುತ್ತದೆ. ಇನ್ನು ಅವ್ವನಿಂದ ನಾವು ಯಾರೂ ಏನನ್ನೂ ಪಡೆಯಲಿಲ್ಲ. ಅವಳ ಹತ್ತಿರ ಕೊಡಲು ಹಾಡು ಇದ್ದೀತು ಎಂಬ ಯೋಚನೆಯೇ ನಮಗೆ ಬರಲಿಲ್ಲ.

ಇತ್ತು. ಅದು ನನಗೆ ಗೊತ್ತಾದದ್ದು ಈಗ. ಮಗಳು ಹೋದ ಮೇಲೆ ಚಿಗವ್ವನಿಗೆ ಫೋನ್ ಮಾಡಿದೆ. ಅವ್ವನ ತಂಗಿ ಅವಳು, ಎಂಬತ್ತು ದಾಟಿದೆ. ‘ಅಕ್ಕಗ ಯಾವ ಹಾಡು ಸೇರತಿತ್ತು ಚಿಗವ್ವಾ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ರೇಡಿಯೋದ್ದು ನನಗೇನು ಗೊತ್ತೋ ತಮ್ಮಾ. ಅಕಿ ತಾನ ಹಾಡತಿದ್ದಳಲ್ಲ, ಬೀಸೂಮುಂದ. ಲಗ್ನಕ್ಕ ಮದಲ ನಮ್ಮ ಓಣ್ಯಾಗೆಲ್ಲಾ ಅಕೀನ ಕರೀತಿದ್ರು.’ ನಾನು ಅವ್ವನ ದನಿಯಲ್ಲಿ ಒಂದು ಹಾಡನ್ನೂ ಕೇಳಿಲ್ಲ ಎಂದೆ. ‘ನಿಮ್ಮನ್ಯಾಗ ಎಲ್ಲಿ ಹಾಡತಾಳು? ನಿಮ್ಮಪ್ಪ ಸಂಗೀತ ಕೇಳಕೋತ ಕುಂತಿರತಿದ್ದ’ ಎಂದಳು.

ಎಲ್ಲವನ್ನೂ ರೇಡಿಯೋದ ಮೇಲೆ ಹಾಕುವುದು ತಪ್ಪಾದೀತು. ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸುವುದು ನಿಂತಿತು, ಬೀಸುವ ಪದಗಳೂ ನಿಂತವು. ಗಿರಣಿ ಬಂದದ್ದಕ್ಕೆ ಯಾವ ಹೆಣ್ಣುಮಗಳೂ ಅತ್ತಿರಲಿಕ್ಕಿಲ್ಲ, ರಟ್ಟೆ ಉಳಿಯಿತು. ಆದರೂ ರೊಟ್ಟಿ ಬಡಿಯುವಾಗ, ಕಾಳು ಹಸನು ಮಾಡುವಾಗ ಹಾಡಬಹುದಿತ್ತಲ್ಲ? ಪಡಸಾಲೆಯಲ್ಲಿ ದೊಡ್ಡವರು ಹಾಡುತ್ತಿದ್ದರು, ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು, ಸಪ್ಪಳ ಮಾಡಬಾರದು. ವ್ಯಂಗ್ಯ ನೋಡಿ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಪುಸ್ತಕ ಅಪ್ಪನ ಕಪಾಟಿನಲ್ಲಿತ್ತು. ಕಾಲೇಜಿನಲ್ಲಿದ್ದಾಗ ನಾನು ಅದರ ಬಗ್ಗೆ ಪ್ರಬಂಧ ಬರೆದು ಮೇಷ್ಟ್ರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಆ ಹಾಡುಗಳನ್ನು ಬಲ್ಲವಳು ನನಗೆ ಬುತ್ತಿ ಕಟ್ಟಿ ಕಾಲೇಜಿಗೆ ಕಳಿಸುತ್ತಿದ್ದಳು.

ನಮ್ಮ ಕಾವ್ಯಮೀಮಾಂಸೆಯಲ್ಲಿ ‘ಸಹೃದಯ’ ಎಂಬ ಮಾತಿದೆ. ಕಾವ್ಯದ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನು, ಕಾವ್ಯದೊಂದಿಗೆ ಒಂದಾಗಬಲ್ಲವನು ಎಂದು ಅಭಿನವಗುಪ್ತ ಅದನ್ನು ವಿವರಿಸುತ್ತಾನೆ. ಅಪ್ಪ ಮನಸೂರರ ಮಟ್ಟಿಗೆ ನಿಜವಾದ ಸಹೃದಯರು. ನಾನೂ ಅಷ್ಟಿಷ್ಟು ಆಗಿದ್ದೇನೆ ಎಂದುಕೊಂಡಿದ್ದೆ. ಹಾಡಿನೊಂದಿಗೆ ಹೃದಯ ಕೂಡಿಸಿದವನು ಪಕ್ಕದಲ್ಲಿ ಕೂತು ಕೇಳುವವರೊಂದಿಗೆ ಅದನ್ನು ಕೂಡಿಸದೇ ಇರಬಹುದು ಎಂಬುದು ಈಗ ಕಾಣುತ್ತಿದೆ. ಒಂದು ಇನ್ನೊಂದನ್ನು ತಾನಾಗಿ ಕಲಿಸುವುದಿಲ್ಲ. ಸಂಗೀತ ಮನುಷ್ಯನನ್ನು ಮೃದುವಾಗಿಸುತ್ತದೆ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಸಂಗೀತ ದಿನವೂ ಇತ್ತು.

ಇದನ್ನೆಲ್ಲ ಮಗಳಿಗೆ ಫೋನಿನಲ್ಲಿ ಹೇಳಿದೆ. ‘ಹಂಗಾರ ಈಗಿನ ಕಾಲನ ಛಲೋ ಅಲ್ಲೇನಪ್ಪಾ? ಎಲ್ಲಾರ ಕಿವಿ ಎಲ್ಲಾರ ಕೈಯಾಗ ಅದ’ ಎಂದಳು. ಅವಳು ಹೇಳಿದ್ದು ನಿಜ. ಅವ್ವನ ಕೈಯಲ್ಲಿ ಒಂದು ಮೊಬೈಲ್ ಇದ್ದಿದ್ದರೆ, ಒಲೆಯ ಮುಂದೆ ಕೂತು ತನಗೆ ಬೇಕಾದ್ದನ್ನು ಹಚ್ಚಿಕೊಳ್ಳುತ್ತಿದ್ದಳು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ರೇಡಿಯೋ ಕಾಲದ ಹಳಹಳಿಕೆಯಲ್ಲಿ ನಾವು ಇದನ್ನು ಮರೆಯುತ್ತೇವೆ. ಮನೆಮಂದಿಯೆಲ್ಲ ಕೂತು ಒಂದೇ ಹಾಡು ಕೇಳುತ್ತಿದ್ದೆವು ಎನ್ನುವಾಗ, ಅದನ್ನು ಆರಿಸಿದವರು ಯಾರು ಎಂದು ಕೇಳಿಕೊಳ್ಳುವುದಿಲ್ಲ.

ಫೋನ್ ಇಟ್ಟ ಮೇಲೆ ಇನ್ನೊಂದು ಯೋಚನೆ ಬಂತು. ಈಗ ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ಹತ್ತಿರವೂ ಮೊಬೈಲ್ ಇದೆ, ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನ್ ಇದೆ. ಸಂಜೆ ಅವಳು ಪಲ್ಯ ಹೆಚ್ಚುತ್ತ ಏನೋ ಕೇಳುತ್ತಿರುತ್ತಾಳೆ. ಏನನ್ನು? ಅದೂ ನನಗೆ ಗೊತ್ತಿರಲಿಲ್ಲ. ಒಂದೇ ರೇಡಿಯೋ ಇದ್ದ ಮನೆಯಲ್ಲಿ ಅವ್ವನ ಹಾಡು ಗೊತ್ತಾಗಲಿಲ್ಲ. ಇಬ್ಬರಿಗೂ ಮೊಬೈಲ್ ಇರುವ ಮನೆಯಲ್ಲಿ ಹೆಂಡತಿಯದು ಗೊತ್ತಾಗಲಿಲ್ಲ. ಅಂದರೆ ದೋಷವನ್ನು ಯಂತ್ರದ ಮೇಲೆ ಹಾಕುವಂತಿಲ್ಲ. ಈ ಮೊಬೈಲು ನಾನು ಕೇಳಿದ್ದನ್ನು ಗುರುತಿಟ್ಟುಕೊಂಡು ಅಂಥದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ಪಕ್ಕದವರಿಗೆ ಏನು ಇಷ್ಟ ಎಂದು ಕೇಳುವ ಕೆಲಸ ಮಾತ್ರ ಅವತ್ತೂ ನನ್ನದೇ ಆಗಿತ್ತು, ಇವತ್ತೂ ನನ್ನದೇ.

ಮರುದಿನ ಸಂಜೆ ಅಡಿಗೆಮನೆಗೆ ಹೋಗಿ ಕೇಳಿದೆ. ‘ಇಷ್ಟು ವರ್ಷ ಬಿಟ್ಟು ಈಗ ಯಾಕ ಕೇಳತೀರಿ?’ ಎಂದು ಅವಳು ಅನುಮಾನದಿಂದ ನೋಡಿದಳು. ಆಮೇಲೆ ಇಯರ್‌ಫೋನ್ ತೆಗೆದು ಮೊಬೈಲನ್ನು ಡಬ್ಬಿಗೆ ಆನಿಸಿ ಇಟ್ಟು ಹಾಡು ಹಚ್ಚಿದಳು. ಇತ್ತೀಚಿನ ಒಂದು ಸಿನಿಮಾದ ಹಾಡು. ನಿಜ ಹೇಳಬೇಕೆಂದರೆ ನನಗೆ ಹಿಡಿಸಲಿಲ್ಲ. ವಾದ್ಯದ ಅಬ್ಬರ ಹೆಚ್ಚು, ದನಿ ಯಾರದೆಂದು ಗುರುತು ಹತ್ತಲಿಲ್ಲ. ಒಂದು ನಿಮಿಷದಲ್ಲೇ ಅಪ್ಪನ ಮಾತು ನನ್ನ ಬಾಯಿಯ ತನಕ ಬಂತು. ನುಂಗಿಕೊಂಡೆ. ಅವಳು ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಿ, ಎರಡನೆಯ ಚರಣ ಬರುವಾಗ, ‘ಇದ, ಇಲ್ಲೇ, ಇದನ್ನ ಕೇಳ್ರಿ’ ಎಂದಳು. ಕೇಳಿದೆ. ಅವಳಿಗೆ ಕೇಳಿಸಿದ್ದು ನನಗೆ ಪೂರ್ತಿ ಕೇಳಿಸಿತು ಎಂದು ಹೇಳಲಾರೆ.

ಮುಗಿದ ಮೇಲೆ, ‘ಇನ್ನೊಂದು ಹಚ್ಚು’ ಎಂದು ಅಲ್ಲೇ ಕಟ್ಟೆಯ ಮೇಲೆ ಕೂತೆ.